ಬಿಚ್ಚಿ ಕಟ್ಟದ ಹೆಡ್‌ಫೋನು

"ಅದು ಬ್ಯಾಡ ಸಾರ್. ಇದನ್ನ ತಗೊಳ್ಳಿ," ಎಂದ ಗುಲಾಮ್ ರಸೂಲ್. ಹಾಗೆನ್ನುವಾಗ ಅವನು ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಗಿರಾಕಿಯ ಕೈ ಗೋಡೆಯ ಯಾವ ಮೊಳೆಯತ್ತ ಚಾಚಿತ್ತೋ ಆ ಮೊಳೆಯನ್ನೇ ನೋಡುತ್ತಿದ್ದ.

ತಿಪಟೂರಿನ ಸ್ಟೇಷನ್ ರಸ್ತೆಯಲ್ಲಿದ್ದ ರಸೂಲನ ರೇಡಿಯೊ ರಿಪೇರಿ ಅಂಗಡಿ ಇಬ್ಬರು ನಿಂತರೆ ಉಸಿರು ಕಟ್ಟುವಷ್ಟು ಕಿರಿದು. ಹೊಟ್ಟೆ ಬಗೆದಿಟ್ಟ ರೇಡಿಯೊಗಳು, ಗಂಟುಬಿದ್ದ ವೈರುಗಳು, ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ, ಅದರ ಮೇಲೆ ಎದುರು ಸಾಲಿನ ಮಂಡಿಗಳಿಂದ ತೇಲಿ ಬರುವ ಕೊಬ್ಬರಿಯ ಕಮಟು. ೧೯೮೪ರ ಬೇಸಿಗೆ. ತಗಡಿನ ಸೂರಿನ ಕೆಳಗೆ ಕೂತಿದ್ದ ರಸೂಲನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಗಿರಾಕಿಯ ಹೆಸರು ಪುಟ್ಟಸ್ವಾಮಿ. ನಂಜನಗೂಡಿನ ಕಡೆಯವನು. ಕೊಬ್ಬರಿ ಮಂಡಿಯೊಂದಕ್ಕೆ ಗುಮಾಸ್ತನಾಗಿ ಇತ್ತೀಚೆಗಷ್ಟೇ ಊರಿಗೆ ಬಂದಿದ್ದ. ಪೇಟೆಯ ಹಿಂದಿನ ಸಾಲುಮನೆಗಳಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಹೆಂಡತಿ ರಾಮಲಕ್ಷ್ಮಿ, ತಪ್ಪುಹೆಜ್ಜೆ ಇಡಲು ಕಲಿಯುತ್ತಿದ್ದ ಮಗಳು. ಅವನಿಗಿದ್ದ ಒಂದೇ ಚಟ ರೇಡಿಯೊ. ಹಾಕಿದರೆ ಮಗು ಏಳುತ್ತಿತ್ತು, ಮಗು ಎದ್ದರೆ ರಾಮಲಕ್ಷ್ಮಿಯ ಮುಖ ಊದುತ್ತಿತ್ತು. ಕಿವಿಗೆ ಹಾಕಿಕೊಂಡು ಕೇಳುವ ಹೆಡ್‌ಫೋನು ಸಿಕ್ಕರೆ ಮನೆಗೆಲ್ಲ ನೆಮ್ಮದಿ ಎಂದುಕೊಂಡು ಬಂದಿದ್ದ. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ.

ರಸೂಲ್ ಮೇಜಿನ ಮೇಲೆ ಇಟ್ಟದ್ದು ತಾನೇ ಬಿಚ್ಚಿ ಕಟ್ಟಿದ ಹೆಡ್‌ಫೋನು. ಚಿಪ್ಪು ಮಾತ್ರ ಹಳೆಯದು. ಒಳಗಿನ ಕಾಯಿಲು, ವೈರು ಹೊಸವು. ಕಿವಿಯ ಮೇಲೆ ಕೂರುವ ದಿಂಬುಗಳಿಗೆ ಆಟೊ ಸೀಟಿನ ಕಪ್ಪು ರೆಕ್ಸಿನ್ ಹೊಲಿದಿದ್ದ. ನೋಡಲು ಕುರೂಪ. ಹಾಕಿಕೊಂಡರೆ ಹಾಡಿನ ಹಿಂದೆ ಸಣ್ಣಗೆ ಹುರ್ರೆನ್ನುತ್ತಿತ್ತು. ಮೊಳೆಗೆ ತೂಗುಬಿಟ್ಟಿದ್ದದ್ದು ಬೇರೆಯೇ ದರ್ಜೆಯದು. ಫಾರಿನ್ ಮಾಲು. ಕಂದು ಚರ್ಮದ ದಿಂಬುಗಳು ಯಾರೋ ದಿನಾ ಎಣ್ಣೆಗೈಯಲ್ಲಿ ಸವರಿದಂತೆ ಮಿರುಗುತ್ತಿದ್ದವು.

"ಇದೂ ರಿಪೇರಿ ಆಗಿರೋದಾ?"

"ಇಲ್ಲ ಸಾರ್. ಯಾರೋ ಬಳಸಿದ್ದು, ಹೆಂಗಿತ್ತೋ ಹಂಗೇ ಐತೆ. ನಾನು ಬಿಚ್ಚಿಲ್ಲ."

"ಹಂಗಾದ್ರೆ ಇದೇ ವಾಸಿ ಅಲ್ವಾ ಸಾಬರೇ? ಬಿಚ್ಚಿ ಕಟ್ಟಿದ್ದು ಅಂದ್ರೆ ಯಾವತ್ತೋ ಕೆಟ್ಟಿದ್ದು. ಇದು ಕೆಟ್ಟೇ ಇಲ್ಲ."

"ನಾನು ಬಿಚ್ಚಿದ್ದರೊಳಗೆ ಏನೈತೆ ಅಂತ ನಂಗೊತ್ತು. ಅದರೊಳಗೆ ಏನೈತೆ ಅಂತ ಗೊತ್ತಿಲ್ಲ." ರಸೂಲ್ ಎಡ ಅಂಗೈ ತೆರೆದು ತೋರಿಸಿದ. ನಡುವೆ ಸ್ಕ್ರೂಡ್ರೈವರ್ ಹೊಕ್ಕ ಗಾಯ, ಸುತ್ತ ಹಳದಿಗಟ್ಟಿತ್ತು. "ಬಿಚ್ಚಕ್ಕೆ ಹೋದಾಗೆಲ್ಲ ಇಲ್ಲಿಗೇ ಚುಚ್ತದೆ. ಮಾಯಕ್ಕೇ ಬಿಡಲ್ಲ. ಬಿಳಿಗೆರೆ ಕಡೆ ಒಂದು ಮನೇದು ಸಾರ್ ಅದು. ಆ ಮನೇಲಿ ಮಾಟ ಮಾಡ್ಸಿದ್ರು ಅಂತಾರೆ."

ಪುಟ್ಟಸ್ವಾಮಿ ನಕ್ಕ. ತನ್ನೂರಿನ ಕೂಡುದಾರಿಯಲ್ಲಿ ಯಾರೋ ಕುಂಕುಮ ಬಳಿದಿಟ್ಟ ನಿಂಬೆಹಣ್ಣನ್ನು ತೊಳೆದು, ಪಾನಕ ಮಾಡಿಸಿಕೊಂಡು, ಓಣಿಯವರೆದುರು ಕುಡಿದು ತೋರಿಸಿದವನು ಅವನು. "ಮಾಟಕ್ಕೂ ಪ್ಲಗ್ಗು ಇಟ್ಟಿದಾರಾ ಸಾಬರೇ?" ಎನ್ನುತ್ತ ಹೆಡ್‌ಫೋನನ್ನು ಮೊಳೆಯಿಂದ ತೆಗೆದ. ಅಂಗಡಿಯ ರೇಡಿಯೊಗೆ ಸಿಕ್ಕಿಸಿ ಕಿವಿಗೆ ಹಾಕಿಕೊಂಡ. ಶಹನಾಯಿ ನುಡಿಯುತ್ತಿತ್ತು. ನುಡಿಸುವವನು ಸ್ವರದ ನಡುವೆ ಉಸಿರೆಳೆದುಕೊಳ್ಳುವುದೂ ಕೇಳಿಸಿತು.

ಅವನು ಜೇಬಿಗೆ ಕೈ ಹಾಕಿದ. ರಸೂಲ್ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

"ದುಡ್ಡು ಬ್ಯಾಡ. ನಾನು ಮಾರ್ಲಿಲ್ಲ ಸಾರ್. ನೀವೇ ತಗೊಂಡ್ರಿ. ಅಷ್ಟು ನೆಪ್ಪಿರ್ಲಿ."

ಸಂಜೆ ಮನೆಯಲ್ಲಿ ಅದನ್ನು ಹೊರತೆಗೆದಾಗ ರಾಮಲಕ್ಷ್ಮಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಎಲ್ಲಿಂದ ತಂದ್ರಿ ಇದನ್ನ? ಕೂದಲು ಸುಟ್ಟ ವಾಸನೆ ಹೊಡೀತದೆ." ಪುಟ್ಟಸ್ವಾಮಿಗೆ ಚರ್ಮದ ವಾಸನೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಹೆಡ್‌ಫೋನು ಏರಿಸಿಕೊಂಡು ರೇಡಿಯೊದ ಕಿವಿ ತಿರುಗಿಸತೊಡಗಿದ.

ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಮುಳ್ಳು ಜಾರುವಾಗ, ಏನೂ ಇರಬಾರದ ಜಾಗದಲ್ಲಿ, ಒಂದು ಹೆಣ್ಣು ದನಿ ಕೇಳಿಸಿತು.

"ಬಂದ್ರಾ?"

ದಣಿದ, ಮೆತ್ತನೆಯ ದನಿ. ಬಾಗಿಲ ಹಿಂದೆ ನಿಂತು ಕೇಳಿದಂತೆ. ಯಾವುದೋ ನಾಟಕವಿರಬೇಕೆಂದು ಅವನು ಮುಳ್ಳನ್ನು ಮುಂದಕ್ಕೆ ತಳ್ಳಿದ. ಅಲ್ಲಿ ಧಾರಣೆ ವಾಚನ ನಡೆಯುತ್ತಿತ್ತು. ಅದರ ಸಂದಿನಲ್ಲೂ ಅದೇ ದನಿ. "ಉಂಡ್ರಾ?"

ಪುಟ್ಟಸ್ವಾಮಿ ರೇಡಿಯೊ ಆರಿಸಿದ. ಪ್ಲಗ್ಗು ಕಿತ್ತ. ವೈರು ಅವನ ಮಡಿಲಲ್ಲಿ ಸತ್ತ ಹಾವಿನ ಮರಿಯಂತೆ ಬಿದ್ದಿತ್ತು.

"ಯಾಕೆ ಮಾತಾಡಲ್ಲ?"

ಕತ್ತಿನ ಹಿಂದಿನ ಕೂದಲು ನಿಮಿರಿತು. ಆದರೆ ಒಂದು ಗಳಿಗೆ ಅಷ್ಟೇ. ಉದ್ದನೆಯ ವೈರು ತಾನೇ ಏರಿಯಲ್ ತಂತಿಯಂತೆ ಗಾಳಿಯ ಅಲೆಗಳನ್ನು ಹಿಡಿಯುತ್ತದೆಂದು ಎಲ್ಲೋ ಓದಿದ್ದ. ಹೆಂಡತಿಯನ್ನು ಕರೆದು ಅವಳ ಕಿವಿಗೆ ಹಿಡಿದ. ಅವಳಿಗೆ ಏನೂ ಕೇಳಿಸಲಿಲ್ಲ. ವಾಸನೆಗೆ ಮುಖ ತಿರುಗಿಸಿ ಆಚೆ ಹೋದಳು. ಅವನು ಮತ್ತೆ ಹಾಕಿಕೊಂಡು, ರಸೂಲನಿಗೂ ಅವನ ಮಾಟಕ್ಕೂ ಒಟ್ಟಿಗೇ ಉತ್ತರ ಕೊಡುವವನಂತೆ, ತಮಾಷೆಗೆ ಹೇಳಿದ:

"ಉಂಡೆ ಕಣಮ್ಮ. ನೀನು ಉಂಡ್ಯಾ?"

ಬಹಳ ಹೊತ್ತಿನ ಮೇಲೆ ಒಂದು ನಿಟ್ಟುಸಿರು ಬಂತು. ತಲೆಯ ಮೇಲಿನ ಹೊರೆಯನ್ನು ಬಹು ದೂರ ಹೊತ್ತು ತಂದವಳು ಕೊನೆಗೂ ಇಳಿಸಿದಾಗ ಬಿಡುವಂಥ ಉಸಿರು.

ಅಲ್ಲಿಂದಾಚೆ ಅವನ ಕಿವಿಯಿಂದ ಮೊದಲು ಹೋದದ್ದು ಸಣ್ಣ ಸದ್ದುಗಳು. ಹಲ್ಲಿಯ ಲೊಚಗುಟ್ಟು, ಅನ್ನ ಕುದಿಯುವ ಸದ್ದು, ಸೊಳ್ಳೆಯ ಗುಂಯ್. ಅವು ಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಾಗೆ ಕೂಗದೆಯೇ ಬೆಳಗಾಗತೊಡಗಿದಾಗ ತುಸು ಅಳುಕಿದ. ಬಸ್ಸುಗಳು ಬೆನ್ನ ಹಿಂದಿನಿಂದ ಮೆಲ್ಲಗೆ ಬಂದು ಮೈಸವರಿ ಹೋಗತೊಡಗಿದವು. ಒಂದು ಹರಾಜಿನ ದಿನ ಮಂಡಿಯಲ್ಲಿ ಕೊಬ್ಬರಿಯ ರಾಶಿಗಳ ನಡುವೆ ನಿಂತಿದ್ದಾಗ, ಧಾರಣೆ ಕೂಗುವವನ ಕತ್ತಿನ ನರ ಉಬ್ಬಿರುವುದು ಕಂಡಿತು, ಬಾಯಿ ಅಗಲವಾಗಿ ತೆರೆದು ಮುಚ್ಚುವುದು ಕಂಡಿತು. ಆದರೆ ಆ ದನಿ ಎಲ್ಲೋ ಕೆರೆಯ ಆಚೆ ದಡದಿಂದ ಬಂದಂತೆ ಇತ್ತು. ತುಮಕೂರಿನ ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿ, ಎಲ್ಲ ಸರಿಯಾಗಿದೆ ಎಂದರು. ಸರಿಯಾಗಿದೆ ಎಂಬುದನ್ನೇ ಅವರು ಕೂಗಿ ಹೇಳಬೇಕಾಯಿತು.

ಹೆಡ್‌ಫೋನು ಹಾಕಿದಾಗ ಮಾತ್ರ ಎಲ್ಲ ಸ್ಪಷ್ಟ. ಅದಕ್ಕೇ ಮಂಡಿಯಿಂದ ಬಂದವನೇ ಏರಿಸಿಕೊಳ್ಳುತ್ತಿದ್ದ. ಮೊದಮೊದಲು ಹಾಡು, ವಾರ್ತೆ. ಕ್ರಮೇಣ ಅವೂ ಮಸುಕಾದವು, ದನಿಯೊಂದೇ ಉಳಿಯಿತು. ರೇಡಿಯೊ ಹಾಕುವುದನ್ನೇ ಅವನು ಮರೆತುಬಿಡುತ್ತಿದ್ದ. ದನಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಬಾವಿಯ ಪಕ್ಕದ ತೆಂಗಿನಮರದ ಸುಳಿ ಒಣಗಿದ್ದು, ಸೀಮೆಹಸು ಮೇವು ಬಿಟ್ಟದ್ದು, ಅಟ್ಟದ ಮೇಲೆ ಕೊಬ್ಬರಿಗೆಂದು ಬಿಟ್ಟ ಕಾಯಿಗಳ ಒಳಗೆ ಒಣಗಿದ ಗಿಟುಕು ಗಡಗಡ ಅಲುಗುವುದು. ತಾನು ಯಾವತ್ತೂ ಕಾಣದ ಮನೆಯೊಂದರ ಹೊಸ್ತಿಲು, ಒಲೆ, ಹಿತ್ತಿಲು ಅವನಿಗೆ ಕಣ್ಣು ಮುಚ್ಚಿದರೆ ಕಾಣತೊಡಗಿದ್ದವು. ರಾಮಲಕ್ಷ್ಮಿ ಎದುರು ಬಂದು ನಿಂತರೆ, ಅಡ್ಡ ನಿಂತಳಲ್ಲಾ ಎನಿಸುತ್ತಿತ್ತು.

ಒಂದು ಭಾನುವಾರದ ಮಟಮಟ ಮಧ್ಯಾಹ್ನ. ರಾಮಲಕ್ಷ್ಮಿ ಸೀಮೆಎಣ್ಣೆಗೆ ಕ್ಯೂ ನಿಲ್ಲಲು ಹೊರಟಿದ್ದಳು. ಮಗುವನ್ನು ತೋರಿಸಿ, ಕಣ್ಣು ತೋರಿಸಿ, ನೋಡಿಕೊಳ್ಳಿ ಎಂದು ಸನ್ನೆ ಮಾಡಿ ಹೋದಳು. ಅವನು ತಲೆಯಾಡಿಸಿದ. ಹೆಡ್‌ಫೋನು ಕಿವಿಯ ಮೇಲಿತ್ತು. ಬಿಸಿಲು ಬಾಗಿಲಲ್ಲಿ ಬಿದ್ದಿತ್ತು. ಮಗು ತೆವಳಿತು, ಎದ್ದಿತು, ಗೋಡೆ ಹಿಡಿದು ಬಚ್ಚಲಿನ ಕಡೆ ಹೆಜ್ಜೆ ಹಾಕಿತು. ಅಲ್ಲಿ ನೀರು ತುಂಬಿದ ತೊಟ್ಟಿ ಇತ್ತು. ಮಗು ಆ ಕಡೆ ತಿರುಗಿದ್ದನ್ನು ಅವನು ಕಂಡಿದ್ದ. ಏಳಬೇಕೆಂದು ಕೈ ಊರಿಯೂ ಇದ್ದ.

"ಏಳಬ್ಯಾಡಿ," ಎಂದಿತು ದನಿ. "ಏನೂ ಆಗಿಲ್ಲ. ನನ್ ತಾವೇ ಕೂತ್ಕಳ್ಳಿ."

ಅವನು ಕೂತ.

ಪಕ್ಕದ ಮನೆಯ ನಸೀಮ್ ಬಾನು ಬಿರುಗಾಳಿಯಂತೆ ನುಗ್ಗಿ ಅವನ ಕಾಲನ್ನು ಎಡವಿ ಬಚ್ಚಲಿಗೆ ಓಡಿದಾಗಲೂ ಅವನು ಕೂತೇ ಇದ್ದ. ಅವಳು ಹೊರಬಂದಾಗ ಕೈಯಲ್ಲಿ ಮಗು ತಲೆಕೆಳಗಾಗಿ ನೇತಾಡುತ್ತಿತ್ತು. ತುಟಿ ನೀಲಿ. ಅವಳು ಬೆನ್ನಿಗೆ ಬಡಿದಳು. ಮತ್ತೆ ಬಡಿದಳು. ಮಗುವಿನ ಬಾಯಿಂದ ನೀರು ಚೆಲ್ಲಿತು. ಎದೆ ಏರಿತು. ಬಾಯಿ ತೆರೆಯಿತು, ಮುಖ ಕೆಂಪಾಯಿತು, ಗಂಟಲ ಕಿರುನಾಲಗೆ ಕಂಪಿಸಿತು. ಅವನಿಗೆ ಆ ಅಳು ಎಲ್ಲಿಂದಲೋ ನೂಲಿನೆಳೆಯಷ್ಟು ಬಂದು ಕಡಿದುಹೋಯಿತು. ಬಾಗಿಲಲ್ಲಿ ರಾಮಲಕ್ಷ್ಮಿ. ಕ್ಯಾನು ಅವಳ ಕೈಯಿಂದ ಬಿತ್ತು. ಸೀಮೆಎಣ್ಣೆಯ ವಾಸನೆ ಕೋಣೆ ತುಂಬಿತು. ಅವಳು ಅವನ ಎದೆಗೆ, ಕೆನ್ನೆಗೆ, ತಲೆಗೆ ಬಡಿಯುತ್ತಿದ್ದಳು. ಸದ್ದಿಲ್ಲದ ಏಟುಗಳು.

"ನೋಡಿ, ನಾನು ಹೇಳ್ಲಿಲ್ವಾ?" ಎಂದಿತು ದನಿ, ಸಮಾಧಾನವಾಗಿ. "ಏನೂ ಆಗಿಲ್ಲ."

ಅವನು ಹೆಡ್‌ಫೋನನ್ನು ಕಿತ್ತು ಗೋಡೆಗೆ ಎಸೆದ. ದನಿ ನಿಲ್ಲಲಿಲ್ಲ. ಅದೀಗ ದಿಂಬುಗಳಿಂದ ಬರುತ್ತಿರಲಿಲ್ಲ.

ರಸೂಲನ ಅಂಗಡಿಗೆ ಅವನು ಓಡಿದ್ದು ಬರಿಗಾಲಲ್ಲಿ. ಹೆಡ್‌ಫೋನನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡಿದ್ದ. ರಸೂಲ್ ಎದ್ದು ನಿಂತು ಬಾಗಿಲು ಅರ್ಧ ಹಾಕಿದ. ಅವನ ಬಾಯಿಗೆ ಕಿವಿ ಒತ್ತಿ ಹಿಡಿದರೆ ಮಾತ್ರ ಮಾತು ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು.

"ಬಿಳಿಗೆರೆ ಕೆಂಪಯ್ಯಂದು ಅದು ಸಾರ್. ನೆಂಟರು ಯಾರೋ ಬೊಂಬಾಯಿಂದ ತಂದ್ಕೊಟ್ಟಿದ್ರು. ತ್ವಾಟದ ಪಂಪ್‌ಮನೇಲಿ ಅದ ಹಾಕ್ಕಂಡು ಕೂತ್ರೆ ಹೊತ್ತು ಮುಳುಗಿದ್ದೂ ಗೊತ್ತಾಗ್ತಿರಲಿಲ್ಲ ಅವನಿಗೆ. ಹೆಂಡ್ತಿ ಶಿವರುದ್ರಮ್ಮ. ಮಕ್ಕಳಿಲ್ಲ. ಆ ತ್ವಾಟದಾಗೆ ಆಯಮ್ಮನ ಜತೆ ಮಾತಾಡಕ್ಕೆ ಇನ್ನೊಂದ್ ಜೀವ ಇಲ್ಲ. ಕರೆದ್ರೆ ಇವನು ತಿರುಗಿ ನೋಡ್ತಿರಲಿಲ್ಲ. ವರ್ಷಗಟ್ಟಲೆ ಹಂಗೇ. ಕೊನೆಗೆ ಚಿಕ್ಕನಾಯಕನಹಳ್ಳಿ ಬೆಟ್ಟದ ಕಡೆ ಮಂತ್ರವಾದಿ ಒಬ್ಬನ ತಾವ ಹೋದ್ಲು. ನನ್ನ ಮಾತೊಂದು ಬಿಟ್ಟು ಅವರ ಕಿವಿಗೆ ಇನ್ನೇನೂ ಬೀಳಬಾರ್ದು ಅಂತ ಕೇಳ್ಕೊಂಡ್ಲು. ಅವನು ಮಾಡಿಕೊಟ್ಟ."

"ಆಮೇಲೆ?"

"ಕೆಂಪಯ್ಯ ಹಳಿ ದಾಟ್ತಿದ್ದ. ರೈಲು ಕೂಗ್ತಾನೇ ಬಂತಂತೆ. ಕಂಡೋರೆಲ್ಲ ಕಿರುಚಿದ್ರಂತೆ." ರಸೂಲ್ ಟವೆಲಿನತ್ತ ಬೆರಳು ಮಾಡಿದ. "ಹೆಡ್‌ಫೋನಿಗೆ ಮಾತ್ರ ಒಂದ್ ಗೀರೂ ಬಿದ್ದಿರಲಿಲ್ಲ. ಅವತ್ತಿಂದ ಆಯಮ್ಮ ಮಾತಾಡಿಲ್ಲ. ಬಾಯಿ ತೆಗೆದ್ರೆ ಗಾಳಿ ಬತ್ತದೆ, ದನಿ ಬರಲ್ಲ. ಅವಳೇ ತಂದು ನನ್ನ ಮುಂದಿಟ್ಟು ಬಿಚ್ಚು ಅಂತ ಸನ್ನೆ ಮಾಡಿದ್ಲು. ನನ್ ಕೈಲಿ ಆಗ್ಲಿಲ್ಲ. ಆಯಮ್ಮ ವಾಪಸ್ಸೂ ತಗೊಂಡು ಹೋಗ್ಲಿಲ್ಲ."

"ಅವಳೇ ಯಾಕೆ ಬಿಚ್ಚಲಿಲ್ಲ?"

"ಬಿಚ್ಚಿದ್ರೆ ದನಿ ವಾಪಸ್ ಬತ್ತದೋ, ಇರೋದೂ ಹೋಗ್ತದೋ. ಹೆದರಿರ್ಬೇಕು. ನಂಗೂ ಸರಿಯಾಗಿ ಗೊತ್ತಿಲ್ಲ ಸಾರ್. ಕಟ್ಟಿಸಿದೋಳು ಬಿಚ್ಚಿದ್ರೆ ಬಿಚ್ಚಿಕೊಳ್ತದೇನೋ. ಹೋಗಿ. ಈಗ್ಲೇ ಹೋಗಿ."

ಅವನು ತಿಪಟೂರಿನಲ್ಲಿ ಮನುಷ್ಯರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಬಿಳಿಗೆರೆಯ ದಾರಿಯಲ್ಲಿ ಬಸ್ಸಿನ ಎಂಜಿನ್ನು ಮೊದಲು ಕೇಳುತ್ತಿತ್ತು, ಆಮೇಲೆ ಕಾಲ ಕೆಳಗೆ ನಡುಕವಾಗಿ ಮಾತ್ರ ಉಳಿಯಿತು. ಕಂಡಕ್ಟರು ಅವನ ಭುಜ ಅಲುಗಿಸಿ ಇಳಿಸಿದ. ಬಸ್ಸು ಹೋಯಿತು. ಸದ್ದೇ ಇಲ್ಲದೆ ಹೋಯಿತು.

ರಸ್ತೆಯಿಂದ ಇಳಿದರೆ ಕೆಂಪಯ್ಯನ ತೋಟ. ತೆಂಗು, ತೆಂಗು, ತೆಂಗು. ಎತ್ತ ನೋಡಿದರೂ ನೇರ ಸಾಲು, ಅಡ್ಡ ನೋಡಿದರೂ ನೇರ ಸಾಲು, ಮೂಲೆಯಿಂದ ನೋಡಿದರೂ ನೇರ ಸಾಲು. ಸಂಜೆಗೆ ಇನ್ನೂ ಹೊತ್ತಿತ್ತು. ಗರಿಗಳ ಸಂದಿನಿಂದ ಬಿಸಿಲು ನೆಲದ ಮೇಲೆ ಚೂರುಚೂರಾಗಿ ಬಿದ್ದು ಅಲುಗುತ್ತಿತ್ತು. ಗಾಳಿ ಇತ್ತು, ಗರಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಸದ್ದಿರಲಿಲ್ಲ. ನೀರು ಹಾಯಿಸಿದ ಪಾತಿಗಳ ಕೆಸರಿನ ವಾಸನೆ, ಕೊಳೆತ ಸಿಪ್ಪೆಯ ವಾಸನೆ. ಮತ್ತೆ, ಹೆಂಡತಿ ಮೊದಲ ದಿನವೇ ಹೇಳಿದ್ದ, ಅವನಿಗೆ ಈಗಷ್ಟೇ ತಿಳಿದ ಕೂದಲು ಸುಟ್ಟ ವಾಸನೆ.

"ಬಂದ್ರಾ?" ಎಂದಿತು ದನಿ.

ಅವನು ತಿರುಗಿ ರಸ್ತೆಯ ಕಡೆ ಹೆಜ್ಜೆ ಹಾಕಿದ. ಸಾಲು ಹಿಡಿದು ನಡೆದ. ಸಾಲು ಮುಗಿಯಲಿಲ್ಲ. ಪಂಪ್‌ಮನೆಯೊಂದು ಎದುರಾಯಿತು. ತಗಡಿನ ಬಾಗಿಲು, ಒಳಗೆ ಒಂದು ಹಗ್ಗದ ಮಂಚ. ಅದನ್ನು ಬಳಸಿ ಬೇರೆ ಸಾಲು ಹಿಡಿದ. ಮತ್ತೆ ಪಂಪ್‌ಮನೆ. ಓಡಿದ. ಪಾತಿಯಲ್ಲಿ ಕಾಲು ಹೂತಿತು. ಎದ್ದ. ಓಡಿದ. ಪಂಪ್‌ಮನೆ. ಮರಗಳು ಜಾಗ ಬದಲಿಸುತ್ತಿರಲಿಲ್ಲ. ಅವನೇ ಬದಲಿಸಲಾರದೆ ಹೋಗಿದ್ದ. ಕೂಗಿದ. ತನ್ನ ಕೂಗೂ ಕೇಳಲಿಲ್ಲ.

"ಎಡಕ್ಕೆ ಬನ್ನಿ," ಎಂದಿತು ದನಿ. "ಬಾವಿ ಮಗ್ಗುಲಿಗೆ. ಸುಳಿ ಒಣಗಿದ ಮರ ಐತಲ್ಲಾ, ಅದರ ಹಿಂದೆ."

ಬೇರೆ ದಾರಿ ಇರಲಿಲ್ಲ. ಅವನು ಎಡಕ್ಕೆ ಹೋದ.

ಮನೆ ಅವನು ಕಣ್ಣು ಮುಚ್ಚಿ ಕಂಡದ್ದೇ ಆಗಿತ್ತು. ಅದೇ ಹೊಸ್ತಿಲು, ಅದೇ ಹಿತ್ತಿಲು. ಜಗುಲಿಯ ಮೇಲೆ ನಡುವಯಸ್ಸಿನ ಹೆಂಗಸು ನಿಂತಿದ್ದಳು. ಬರಿಹಣೆ, ಸೊರಗಿದ ಕೆನ್ನೆ. ಅವಳ ತುಟಿ ಮುಚ್ಚಿತ್ತು. ಅವನ ಕಿವಿಯೊಳಗೆ ಅವಳ ದನಿ, "ಕೂತ್ಕಳ್ಳಿ, ನೀರು ತತ್ತೀನಿ," ಎನ್ನುತ್ತಿತ್ತು. ಅವಳ ತುಟಿ ಮುಚ್ಚಿಯೇ ಇತ್ತು.

ಅವನು ಟವೆಲು ಬಿಚ್ಚಿ ಹೆಡ್‌ಫೋನನ್ನು ಅವಳ ಕಾಲ ಬಳಿ ಇಟ್ಟ. ಕೈಮುಗಿದ. ತನ್ನ ಕಿವಿ ತೋರಿಸಿದ. ಮಗುವಿನ ಎತ್ತರ ತೋರಿಸಿದ, ನೀರು ತೋರಿಸಿದ, ಉಸಿರು ಕಟ್ಟಿದ್ದನ್ನು ತೋರಿಸಿದ. ಅವಳು ನೋಡುತ್ತಲೇ ಜಗುಲಿಯ ಕಂಬ ಹಿಡಿದು ಕುಸಿದಳು. ತನ್ನ ದನಿ ಎಲ್ಲಿ ಹೋಗಿ ಏನು ಮಾಡುತ್ತಿದೆ ಎಂಬುದು ಅವಳಿಗೆ ಆವರೆಗೆ ಗೊತ್ತಿರಲಿಲ್ಲವೆಂದು ಆ ಮುಖ ನೋಡಿದರೆ ತಿಳಿಯುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಎದ್ದು ಒಳಗಿನಿಂದ ಈಳಿಗೆಮಣೆ ತಂದು, ಒಲೆಯ ಮುಂದೆ ಹಾಕಿ, ಅದರ ಮೇಲೆ ಕಾಲಿಟ್ಟು ಕೂತಳು.

"ಬ್ಯಾಡ," ಎಂದಿತು ಅವನ ಕಿವಿಯ ದನಿ. ಮೊದಲ ಸಲ ಅದು ನಡುಗಿತು. "ಬ್ಯಾಡ ಅನ್ನಿ. ಬಿಚ್ಚಬ್ಯಾಡ ಅನ್ನಿ ಅವಳಿಗೆ."

ಅಲಗಿನ ಮೇಲೆ ಚರ್ಮದ ದಿಂಬು ಸೀಳಿತು. ಒಳಗೆ ಹತ್ತಿ ಇರಲಿಲ್ಲ. ತೆಂಗಿನ ನಾರು. ನಾರಿಗೆ ಹೆಣೆದ ಹೆಂಗಸಿನ ಉದ್ದ ಕೂದಲು. ಸುರುಳಿ ಸುತ್ತಿದ ತೆಳು ತಾಮ್ರದ ತಗಡು. ಅದರ ನಡುವೆ ಒಣಗಿ ಕಪ್ಪಾಗಿ ಮುದುಡಿದ ಒಂದು ತುಂಡು. ಕುರಿಯದೋ ಮೇಕೆಯದೋ, ಯಾವುದರದೋ ನಾಲಗೆ. ಅವಳ ಬೆರಳು ಕೊಯ್ದಿತು. ರಕ್ತ ನಾರಿನ ಮೇಲೆ ತೊಟ್ಟಿಕ್ಕಿತು. ಅವಳು ನಿಲ್ಲಲಿಲ್ಲ. ಇನ್ನೊಂದು ದಿಂಬು. ಅದೇ ಕೂದಲು. ಅದೇ ತಗಡು. ಒಲೆಯಲ್ಲಿ ಕರಟ ಧಗಧಗ ಉರಿಯುತ್ತಿತ್ತು. ಅವಳು ಎಲ್ಲವನ್ನೂ ಬಾಚಿ ಒಳಗೆ ತಳ್ಳಿದಳು.

ದನಿ ಚೀರಿತು. ಅವನು ಕಿವಿ ಹಿಡಿದುಕೊಂಡ. ಪ್ರಯೋಜನವಿಲ್ಲ. ಕೂದಲು ಚುರುಗುಟ್ಟಿ ಸುರುಟಿತು. ಹಸಿರು ಉರಿ. ಹೊಗೆ. ಕಣ್ಣು ಕತ್ತಲೆ. ಉಸಿರಿಲ್ಲ. ಚೀರು ಏರಿತು. ಏರಿತು. ತಲೆಬುರುಡೆ ಬಿರಿಯುವಷ್ಟು ಏರಿತು. ನಿಂತಿತು.

ಮೌನ.

ಶಿವರುದ್ರಮ್ಮ ಎರಡೂ ಕೈಗಳಿಂದ ತನ್ನ ಗಂಟಲು ಹಿಡಿದುಕೊಂಡಿದ್ದಳು. ತುಟಿ ಅಲುಗಿತು.

"ಕೇಳ್ತದಾ?"

ಕೇಳಿತು. ಕಿವಿಯ ಒಳಗಿನಿಂದಲ್ಲ, ಹೊರಗಿನಿಂದ, ಒಲೆಯ ಆಚೆಯಿಂದ, ಅವಳ ಬಾಯಿಂದಲೇ. ಪುಟ್ಟಸ್ವಾಮಿ ನೆಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟ. "ಕೇಳ್ತದೆ ತಾಯಿ, ಕೇಳ್ತದೆ." ಅವಳೂ ಅತ್ತಳು, ನಕ್ಕಳು, ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳಲು ದೇವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು.

ಅವನು ಉಳಿದ ಸದ್ದುಗಳಿಗಾಗಿ ಕಾದ. ಒಲೆಯಲ್ಲಿ ಕರಟ ಸಿಡಿದು ಕಿಡಿ ಹಾರಿತು, ಸದ್ದಿಲ್ಲ. ಹೊಸ್ತಿಲಲ್ಲಿ ನಾಯಿಯೊಂದು ಬಂದು ಅವನತ್ತ ಬೊಗಳಿತು. ಅದರ ಹಲ್ಲು ಕಂಡಿತು, ಸದ್ದಿಲ್ಲ. ತಾನೇ ಚಪ್ಪಾಳೆ ತಟ್ಟಿದ. ಅಂಗೈ ಉರಿಯುವಂತೆ ತಟ್ಟಿದ.

ಶಿವರುದ್ರಮ್ಮ ಅವನ ಕೈಗಳನ್ನು ನೋಡಿದಳು. ಅವನ ಮುಖ ನೋಡಿದಳು.

"ನನ್ನ ಮಾತೊಂದೇ ಕೇಳ್ತದಾ? ಇನ್ನೇನೂ ಕೇಳಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಮುಖದಲ್ಲಿ ಮೊದಲು ಕಂಡದ್ದು ಮರುಕ. ಬಹಳ ಹೊತ್ತು ಮರುಕವೇ ಇತ್ತು. ಆಮೇಲೆ ಕಂಡದ್ದು ಮರುಕವಾಗಿರಲಿಲ್ಲ.

ಅವನು ಆ ಸಂಜೆಯೇ ತಿಪಟೂರಿಗೆ ಮರಳಿದ. ದಾರಿ ತಪ್ಪಲಿಲ್ಲ; ತೋಟ ಅವನನ್ನು ಸುಮ್ಮನೆ ಬಿಟ್ಟಿತು. ಮನೆಯಲ್ಲಿ ಹೆಂಡತಿಯ ತುಟಿಗಳನ್ನು ನೋಡುತ್ತ ಕೂತ. ರಾಮಲಕ್ಷ್ಮಿ ಶಾಲೆಯ ಮುಖ ಕಂಡವಳಲ್ಲ. ಬರೆದು ತೋರಿಸುವುದು ಅವಳಿಗೆ ಬರುತ್ತಿರಲಿಲ್ಲ. ಬೇರೆಯವರು ಬರೆದು ತೋರಿಸಿದರೆ ಓದುತ್ತಿದ್ದ, ಆದರೆ ಓದುವಾಗ ಮನಸ್ಸಿನೊಳಗೆ ಉಚ್ಚರಿಸುವ ದನಿ ಶಿವರುದ್ರಮ್ಮನದಾಗಿತ್ತು. ಮಂಡಿಯವರು ಕಿವುಡ ಗುಮಾಸ್ತನನ್ನು ಇಟ್ಟುಕೊಳ್ಳಲಿಲ್ಲ. ನಂಜನಗೂಡಿಗೆ ಹೋದ. ಮೈಸೂರಿನ ದೊಡ್ಡಾಸ್ಪತ್ರೆಗೂ ಹೋದ. ಆಸ್ಪತ್ರೆಯ ಬೆಂಚಿನ ಮೇಲೆ ನೂರಾರು ಜನರ ನಡುವೆ, ಆ ಕಲ್ಲಿನಂಥ ಮೌನದಲ್ಲಿ ಕೂತಿದ್ದಾಗ, ಬಿಳಿಗೆರೆಯ ಜಗುಲಿಯಿಂದ ಅವಳು ಕರೆದದ್ದು ಪಕ್ಕದಲ್ಲೇ ಕರೆದಷ್ಟು ಸ್ಪಷ್ಟವಾಗಿ ಕೇಳಿತು. "ಸಾರು ಇಳಿಸಿವ್ನಿ. ಬತ್ತೀರಾ?" ಅಷ್ಟೇ. ಅದಕ್ಕೂ ಮೊದಲು ಎಷ್ಟೋ ದಿನ ಅವನಿಗೆ ಒಂದು ಸದ್ದೂ ಕೇಳಿರಲಿಲ್ಲ. ಅವನು ಎದ್ದು, ಬೆಂಚಿನ ಮೇಲೆ ಕಣ್ಣುಮುಚ್ಚಿದ್ದ ಹೆಂಡತಿಯನ್ನು ಎಬ್ಬಿಸದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮುಂಗಾರು ಬಂದು ತೋಟ ಹಸಿರಾಗುವ ಹೊತ್ತಿಗೆ ಅವನು ಪಂಪ್‌ಮನೆಯ ಮಂಚದ ಮೇಲೆ ಮಲಗುತ್ತಿದ್ದ. ಹಗಲು ಕಾಯಿ ಆಯುತ್ತಿದ್ದ, ಪಾತಿ ಸರಿಮಾಡುತ್ತಿದ್ದ. ಶಿವರುದ್ರಮ್ಮ ಅವನನ್ನು ಮುಟ್ಟುತ್ತಿರಲಿಲ್ಲ, ಕಟ್ಟಿಹಾಕಿರಲಿಲ್ಲ. ಮಾತಾಡುತ್ತಿದ್ದಳು, ಅಷ್ಟೇ. ಬೆಳಗಿನಿಂದ ಬೈಗಿನವರೆಗೆ ಮಾತಾಡುತ್ತಿದ್ದಳು. ಊರು ಏನನ್ನುತ್ತಿತ್ತೋ ಅವನಿಗೆ ಕೇಳುವಂತಿರಲಿಲ್ಲ.

ಒಂದು ಭಾನುವಾರ ರಾಮಲಕ್ಷ್ಮಿ ಮಗುವನ್ನು ಎತ್ತಿಕೊಂಡು ಬಂದಳು. ಜಗುಲಿಯ ಮೇಲೆ ಅವನೆದುರು ಕೂತು ಅವನ ಕೈ ಹಿಡಿದಳು. ಮಾತಾಡತೊಡಗಿದಳು. ತುಂಬ ಹೊತ್ತು ಮಾತಾಡಿದಳು. ರಸ್ತೆಯ ಕಡೆ ಕೈ ತೋರಿಸಿದಳು, ಮಗುವಿನ ಗಲ್ಲ ಹಿಡಿದು ತೋರಿಸಿದಳು, ತನ್ನೆದೆ ಮುಟ್ಟಿಕೊಂಡಳು. ಕಣ್ಣೀರು ಗದ್ದದಿಂದ ಮಗುವಿನ ತಲೆಯ ಮೇಲೆ ಇಳಿಯಿತು. ಬಾಗಿಲ ಬಳಿ ನಿಂತಿದ್ದ ಶಿವರುದ್ರಮ್ಮ ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.

ಪುಟ್ಟಸ್ವಾಮಿ ಅವಳತ್ತ ತಿರುಗಿದ. "ಏನಂದ್ಲು?"

ಶಿವರುದ್ರಮ್ಮ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ಮುಖ ಒಳಕ್ಕೆ ತಿರುಗಿಸಿ, ರಾಮಲಕ್ಷ್ಮಿಯ ಕಿವಿಗೆ ಬೀಳದಷ್ಟು ದನಿ ತಗ್ಗಿಸಿದಳು.

"ಇಲ್ಲೇ ಇರಿ ಅಂದ್ಲು," ಎಂದಳು. "ನಿಮ್ಮನ್ನ ನೋಡ್ಕಳಕ್ಕೆ ಅವಳ ಕೈಲಿ ಆಗಲ್ವಂತೆ."

ಅವನು ಹೆಂಡತಿಯ ಮುಖ ನೋಡಿದ. ಅತ್ತು ಸುಸ್ತಾದ ಮುಖ. ಇವಳಿಗೆ ತಾನು ಕೊಟ್ಟ ಕಷ್ಟ ಸಾಲದೇ ಎಂದುಕೊಂಡ. ಆಗಲಿ ಎಂದು ಮೆಲ್ಲಗೆ ತಲೆಯಾಡಿಸಿದ.

ರಾಮಲಕ್ಷ್ಮಿಯ ಕಣ್ಣು ಅರಳಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ಅವಸರದಿಂದ ಎದ್ದು ಮಗುವನ್ನು ಸೊಂಟಕ್ಕೇರಿಸಿಕೊಂಡು, ಅಂಗಳದ ಮೂಲೆಯಲ್ಲಿದ್ದ ಅವನ ಚಪ್ಪಲಿಗಳನ್ನು ತಂದು ಅವನ ಕಾಲ ಮುಂದೆ ಜೋಡಿಸಿಟ್ಟಳು. ಬೇಗ ಏಳಿ ಎನ್ನುವಂತೆ ನಗುತ್ತ ಕೈ ಚಾಚಿದಳು.

ಒಳಗಿಟ್ಟು ಇಲ್ಲೇ ಇರಿ ಎನ್ನುತ್ತಿದ್ದಾಳೆಂದುಕೊಂಡು ಪುಟ್ಟಸ್ವಾಮಿ ಬಗ್ಗಿ ಆ ಚಪ್ಪಲಿಗಳನ್ನು ಎತ್ತಿಕೊಂಡ. ಶಿವರುದ್ರಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಅವುಗಳನ್ನು ಒಳಗೆ ಒಯ್ದಿಟ್ಟ.